ಮೈದನಹಳ್ಳಿ ಹುಲ್ಲಿಗೆ ಇಳಿದ ನೆಂಟರು

ನಮ್ಮೂರೇ ಗುಬ್ಬಿ. ಹಕ್ಕಿ ನೋಡೋಕೆ ಮಧುಗಿರಿ ಕಡೆ ಹೋಗ್ತೀನಿ ಅಂದರೆ ಮನೆಯವರು ನಗದೆ ಇನ್ನೇನು ಮಾಡ್ತಾರೆ? ದೀಪಾವಳಿ ಕಳೆದ ಭಾನುವಾರ ತಮ್ಮನನ್ನು ಪುಸಲಾಯಿಸಿ, ಅವನ ಬೈಕಿನ ಹಿಂದೆ ಕೂತು ಹೊರಟೆ.

ತುಮಕೂರು, ಕೊರಟಗೆರೆ ದಾಟಿ ದಾರಿಯಲ್ಲೊಂದು ಹೆಂಚಿನ ಹೋಟೆಲು. ಸೂರಿನ ಸಂದಿಯಲ್ಲಿ ಗುಬ್ಬಚ್ಚಿಗಳ ಸಂಸಾರ. ತಟ್ಟೆ ಇಡ್ಲಿಯ ಚೂರು ಬಿದ್ದರೆ ಸಾಕು, ಬೆಂಚಿನ ಕೆಳಗೇ ಕುಪ್ಪಳಿಸಿ ಬರುತ್ತಿದ್ದವು. ಇವು ವಲಸೆ ಹೋಗುವ ಜಾತಿಯಲ್ಲ. ಹೆಂಚು ತೆಗೆದು ಮೋಲ್ಡ್ ಹಾಕಿಸಿದ ಮನೆಯಿಂದ ಮಾತ್ರ ಹೊರಟುಬಿಡುತ್ತವೆ. ನಮ್ಮ ಮನೆಯಿಂದಲೂ ಹೋಗಿ ವರ್ಷಗಳಾದವು.

ಮಧುಗಿರಿ ದಾಟಿದ ಮೇಲೆ ಎರಡೂ ಕಡೆ ರಾಗಿ ಹೊಲ, ಅಕ್ಕಡಿ ಸಾಲಲ್ಲಿ ಹೂವಾದ ಅವರೆ. ಕರೆಂಟ್ ತಂತಿ ಮೇಲೆ ಕವಲುತೋಕೆಗಳು ಸಾಲಾಗಿ ಕೂತಿದ್ದವು. ಒಂದು ಕುಂಟೆಯ ಕೆಸರಲ್ಲಿ ಕುಂಡೆಕುಸ್ಕ ಹಕ್ಕಿ ಬಾಲ ಕುಣಿಸುತ್ತಿತ್ತು. ಅದು ಬಂತೆಂದರೆ ಚಳಿಯೂ ಹಿಂದೆಯೇ ಬಂತು ಅಂತ ನನ್ನ ಲೆಕ್ಕ.

ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲು ಸುಮಾರು 800 ಎಕರೆಯ ಹುಲ್ಲುಬಯಲು, 2007ರಲ್ಲಿ ಘೋಷಣೆಯಾದದ್ದು. ಬಂದವರೆಲ್ಲ ಜಿಂಕೆ ಹಿಂದೆ ಹೋದರು. ನಾವು ಅಂಚಿನ ಬದುವಿನ ಮೇಲೆ ಕೂತೆವು. ನೆಲಗುಬ್ಬಿಯೊಂದು ನೆಟ್ಟಗೆ ಮೇಲೇರುತ್ತಿತ್ತು, ಸಿಳ್ಳೆ ಹಾಕಿ ಕಲ್ಲು ಬಿದ್ದಂತೆ ಕೆಳಗೆ ಬೀಳುತ್ತಿತ್ತು. ಮತ್ತೆ ಏರುವುದು, ಮತ್ತೆ ಬೀಳುವುದು. ತಮ್ಮ ನಿದ್ದೆ ಹೋದ.

“ಜಿಂಕೆ ಆ ಕಡೆ ಅವೆ. ಇಲ್ಯಾಕಣ್ಣ ಕೂತಿದ್ದೀರಿ?” ಪಕ್ಕದ ಹೊಲದಲ್ಲಿ ಕುರಿ ಹೊಡೆದುಕೊಂಡು ಬಂದವರು ಕೇಳಿದರು.

“ಸೆಳೆವ ಅಂತ ಒಂದು ಜಾತಿ ಹದ್ದು ಯಜಮಾನ್ರೇ, ಕಜಾಕಿಸ್ತಾನದ ಕಡೆಯಿಂದ ಬರುತ್ತೆ. ಕತ್ತಲಾದಾಗ ಇಲ್ಲಿ ನೆಲದ ಮೇಲೇ ಮಲಗುತ್ತೆ.”

“ಮರ ಇಲ್ವಾ ಅದಕ್ಕೆ?”

ಮರ ಬೇಡವೇ ಬೇಡ. ಹಗಲೆಲ್ಲ ಮಿಡತೆ ಹುಡುಕುತ್ತಾ ತಗ್ಗಿನಲ್ಲಿ ಹಾರುವ ಹಕ್ಕಿಗೆ ಬಯಲೇ ಮನೆ, ಹುಲ್ಲೇ ಹಾಸಿಗೆ. ನಾವೋ ಹುಲ್ಲುಗಾವಲು ಕಂಡರೆ ‘ಬೀಳು’ ಅಂದು ಮರ ನೆಟ್ಟು, ಹಸಿರು ಮಾಡಿದೆವು ಅಂತ ಫೋಟೊ ತೆಗೆಸಿಕೊಳ್ಳುತ್ತೇವೆ.

ಆರು ಗಂಟೆಗೆ ಮೊದಲನೆಯದು ಕಂಡಿತು: ಬೂದುಬಿಳಿ ಗಂಡು, ರೆಕ್ಕೆಯ ತುದಿ ಮಸಿಗಪ್ಪು. ಹುಲ್ಲಿನ ತೆನೆ ಸವರುವಂತೆ ಎರಡು ಸುತ್ತು ಹಾಕಿ ಇಳಿಯಿತು. ಆಮೇಲೆ ಬಾಲದ ಬುಡದಲ್ಲಿ ಬಿಳಿ ಪಟ್ಟಿಯಿದ್ದ ಕಂದು ಹೆಣ್ಣುಗಳು. ಏಳು ಎಣಿಸುವಷ್ಟರಲ್ಲಿ ಕತ್ತಲಾಯಿತು. ಅಷ್ಟೂ ಹಕ್ಕಿ ಅಲ್ಲೇ ಇದ್ದವು, ಬಯಲು ಮಾತ್ರ ಖಾಲಿ ಕಾಣುತ್ತಿತ್ತು.

ಕೀಲಿ ತಿರುಗಿಸಲು ಹೋದ ತಮ್ಮ ತಾನಾಗಿಯೇ ಕೈ ತೆಗೆದ. ಲೈಟೂ ಹಾಕದೆ ಟಾರು ರಸ್ತೆಯವರೆಗೆ ಬೈಕ್ ತಳ್ಳಿಕೊಂಡೇ ಬಂದ. ದಾರಿಯುದ್ದಕ್ಕೂ ನನ್ನನ್ನು ಬೈದ, ಪಿಸುದನಿಯಲ್ಲಿ.