12 ಯೂನಿಟ್ ಲೋಡಿಗೆ ಹೈಡ್ರೋಜನ್ ಯಾಕೆ?

ಚಾಮರಾಜನಗರ ಜಿಲ್ಲೆಯ ಕಾಡಂಚಿನ ಒಂದು ಆರೋಗ್ಯ ಕೇಂದ್ರಕ್ಕೆ ಸೋಲಾರ್ ಡಿಸೈನ್ ಮಾಡಿದ್ದೆ. ಹೆರಿಗೆ ಕೋಣೆಯ ದೀಪ, ಬೇಬಿ ವಾರ್ಮರ್, ಸಕ್ಷನ್ ಯಂತ್ರ, ಲಸಿಕೆ ಇಡುವ ಫ್ರಿಜ್ (ಐಎಲ್‌ಆರ್) ಎಲ್ಲ ಸೇರಿ ದಿನಕ್ಕೆ 12 ಯೂನಿಟ್. ಎರಡು ದಿನ ಬಿಸಿಲಿಲ್ಲದಿದ್ದರೂ ನಡೆಯುವಷ್ಟು ಆಟಾನಮಿ, ಎಲ್‌ಎಫ್‌ಪಿ ಎಂಬ ಬಗೆಯ ಲಿಥಿಯಂ ಬ್ಯಾಟರಿ. ಸಾಮಾನುಗಳ ಪಟ್ಟಿ (ಬಿಓಕ್ಯೂ) ಫ್ರೀಜ್ ಆಗಿತ್ತು. ಫೈನಲ್ ರಿವ್ಯೂ ಹಿಂದಿನ ಸಂಜೆ ಮೇಲಿನವರಿಂದ ಮೇಲ್ ಬಂತು: "ಬ್ಯಾಟರಿ ತೆಗೆದು ಗ್ರೀನ್ ಹೈಡ್ರೋಜನ್ ಸ್ಟೋರೇಜ್ ಹಾಕಿ. ದುಡ್ಡು ಕೊಡುವವರಿಗೆ ಇಷ್ಟವಾಗುತ್ತೆ." ಅಂದರೆ ಸೋಲಾರ್ ಕರೆಂಟಿನಿಂದ ನೀರು ಒಡೆದು ಹೈಡ್ರೋಜನ್ ಕೂಡಿಡುವುದು, ಬೇಕಾದಾಗ ಅದರಿಂದ ಮತ್ತೆ ಕರೆಂಟ್ ತೆಗೆಯುವುದು.

ರಿವ್ಯೂನಲ್ಲಿ ನೇರ ಲೆಕ್ಕಕ್ಕೇ ಕೈಹಾಕಿದೆ. ಒಂದು ಕಿಲೋ ಹೈಡ್ರೋಜನ್ ತೆಗೆಯಲು ನೀರು ಒಡೆಯುವ ಯಂತ್ರ, ಎಲೆಕ್ಟ್ರೋಲೈಜರ್, ಸುಮಾರು 55 ಯೂನಿಟ್ ಕುಡಿಯುತ್ತದೆ. ಅದನ್ನು ಮತ್ತೆ ಕರೆಂಟ್ ಮಾಡುವ ಫ್ಯೂಯೆಲ್ ಸೆಲ್‌ಗೆ ಕೊಟ್ಟರೆ ವಾಪಸ್ ಸಿಗುವುದು 16-17. ಅದೇ 55 ಬ್ಯಾಟರಿಗೆ ಹೋದರೆ 49ರ ಆಸುಪಾಸು ಕೈಗೆ ಬರುತ್ತದೆ. ಸ್ಲೈಡ್ ಮುಗಿದರೂ ಕಾಲ್‌ನಲ್ಲಿ ಯಾರೂ ತುಟಿಪಿಟಕ್ಕೆನ್ನಲಿಲ್ಲ. ಪಕ್ಕದಲ್ಲಿದ್ದ ಸೈಟ್ ಹುಡುಗ ನೋಟ್‌ಬುಕ್ ಸರಿಸಿ "ನೀರಿಂದು ಹೇಳಿ ಸಾರ್" ಅಂತ ಗೀಚಿದ. ಲೆಕ್ಕ ಇಷ್ಟು ನಿಚ್ಚಳವಾಗಿದೆಯಲ್ಲ, ಸಾಕು ಅಂತ ಸುಮ್ಮನಿದ್ದೆ. ಅಷ್ಟರಲ್ಲಿ ದುಡ್ಡು ಕೊಡುವವರ ಕಡೆಯಿಂದ "ಎಫಿಷಿಯೆನ್ಸಿ ವರ್ಷ ವರ್ಷ ಸುಧಾರಿಸುತ್ತಲ್ಲಾ" ಎಂಬ ಮಾತು ಬಂತು. ನಮ್ಮವರು "ಖಂಡಿತ" ಅಂದುಬಿಟ್ಟರು. ಚರ್ಚೆ ಅಲ್ಲಿಗೆ ಮುಗಿಯಿತು.

ಹುಡುಗನಿಗೆ ಗೊತ್ತಿತ್ತು, ಸೈಟ್ ಸರ್ವೆ ಮಾಡಿದ್ದೇ ಅವನು. ಕಿಲೋ ಹೈಡ್ರೋಜನ್‌ಗೆ ಕನಿಷ್ಠ 9 ಲೀಟರ್ ನೀರು ಬೇಕು, ಅದೂ ಲವಣ ಪೂರ್ತಿ ತೆಗೆದ ಡಿಎಂ ವಾಟರ್. ಬೇಸಿಗೆಯಲ್ಲಿ ಸಿಸ್ಟರ್ ಬಿಂದಿಗೆ ಹಿಡಿದು ಟ್ಯಾಂಕರ್ ಕಾಯುವ ಜಾಗ ಅದು. ನೀರು ಕೆಟ್ಟರೆ ಎಲೆಕ್ಟ್ರೋಲೈಜರ್ ಒಳಗಿನ ಮೆಂಬ್ರೇನ್ ಹೋಗುತ್ತದೆ, ಅದರ ಸೆಲ್‌ಗಳ ಸ್ಟ್ಯಾಕ್ ಬಿಚ್ಚಿ ನೋಡಲು ಆ ಘಟ್ಟ ಹತ್ತಿ ಯಾರು ಬರುತ್ತಾರೆ? ಎಫಿಷಿಯೆನ್ಸಿ ಎಷ್ಟೇ ಸುಧಾರಿಸಲಿ, ಆ 9 ಲೀಟರ್ ಮಾತ್ರ ಇಳಿಯುವುದಿಲ್ಲ.

ಹೈಡ್ರೋಜನ್ ಬೇಡವೆನ್ನುತ್ತಿಲ್ಲ. ಗೊಬ್ಬರದ ಅಮೋನಿಯಾ, ರಿಫೈನರಿ, ಉಕ್ಕು, ಇಲ್ಲೆಲ್ಲ ಅದು ಬೇಕೇ ಬೇಕು. 2023ರ ಜನವರಿಯಲ್ಲಿ ಕೇಂದ್ರ ಸಂಪುಟ 19,744 ಕೋಟಿಯ ಗ್ರೀನ್ ಹೈಡ್ರೋಜನ್ ಮಿಷನ್‌ಗೆ ಒಪ್ಪಿದಾಗ ಕಣ್ಣಿಟ್ಟದ್ದೂ ಮುಖ್ಯವಾಗಿ ಇಂಥ ಕೈಗಾರಿಕೆ ಮತ್ತು ರಫ್ತಿನ ಮೇಲೆ. ನಮೀಬಿಯಾದ ಲೂಡೆರಿಟ್ಸ್ ಬಳಿ ಯೋಜಿಸಿರುವ ದೊಡ್ಡ ಘಟಕವೂ ಅಮೋನಿಯಾ ರಫ್ತಿಗಾಗಿಯೇ. ಆ ದೇಶದಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಕರೆಂಟೇ ಇಲ್ಲ. ರಫ್ತಿನ ಯೋಜನೆ ಬಂದರೆ ಜನರ ಮನೆಗೆ ಕರೆಂಟ್ ತಾನಾಗಿ ಬರುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ರೀ-ಡಿಸೈನ್ ಹೆಸರಲ್ಲಿ ಫೈಲ್ ಕೂತಿದೆ. ಲೈನ್ ಹೋದರೆ ಅಲ್ಲಿ ಹೆರಿಗೆ ಈಗಲೂ ಮೊಬೈಲ್ ಟಾರ್ಚಿನಲ್ಲೇ. ನನ್ನ ಪ್ರಪೋಸಲ್‌ಗಳ ಮೊದಲ ಪುಟಕ್ಕೆ ಈಗ ನೀರಿನ ಮೂಲ ಮತ್ತು ರಿಪೇರಿಯವರ ದೂರ ಬಂದಿವೆ, ಎಫಿಷಿಯೆನ್ಸಿ ಹಿಂದಕ್ಕೆ ಹೋಗಿದೆ. ಪೈಲಟ್ ಮಾಡಲೇಬೇಕಿದ್ದರೆ ಗೊಬ್ಬರ ಕಾರ್ಖಾನೆಯ ಪಕ್ಕ ಮಾಡಿ, ಬ್ಯಾಟರಿಯ ಖರೀದಿ ಆದೇಶ (ಪಿಓ) ಈ ವಾರವೇ ಬಿಡಿ ಎಂದು ಮೇಲಿನವರಿಗೆ ಬರೆದಿದ್ದೇನೆ.