53 ಸೆಕೆಂಡಿನ ಪ್ರಯಾಣ

ಸಂಜೆ ಮಂಡಕ್ಕಿ ಮಿರ್ಚಿ ತಿನ್ನುವಾಗ ಅಕ್ಕನ ಮಗ ಮೊಬೈಲಲ್ಲಿ ನಕ್ಷೆ ತೋರಿಸಿದ. "ಮಾಮ, ಈ ಎರಡು ಏರ್‌ಪೋರ್ಟ್ ನಡುವೆ ಬರೀ 2.7 ಕಿಲೋಮೀಟರ್!"

ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಗಳು. ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ 1967ರಿಂದ ವಿಮಾನ ಇದೆ. ವೇಳಾಪಟ್ಟಿಯಲ್ಲಿ ಎರಡು ನಿಮಿಷ. ಗಾಳಿ ಕೂಡಿಬಂದ ದಿನ 53 ಸೆಕೆಂಡಿಗೇ ಇಳಿದದ್ದುಂಟು.

ಆ 53 ಸೆಕೆಂಡು ತಲೇಲಿ ಕೂತುಬಿಟ್ಟಿದೆ. ಬೆಲ್ಟ್ ಹಾಕ್ಕೊಂಡು ಕಿಟಕಿ ಕಡೆ ತಿರುಗೋದ್ರೊಳಗೆ ಇಳಿಯೋ ಊರು. ಎಂಥ ಚಂದ!

ಪಾಪಾ ವೆಸ್ಟ್ರೇಲಿ ನೂರು ಜನಾನೂ ಇಲ್ಲ. ಪುಟ್ಟ ಐಲ್ಯಾಂಡರ್ ವಿಮಾನದಲ್ಲಿ ಮೇಷ್ಟ್ರು, ಡಾಕ್ಟರು ಓಡಾಡ್ತಾರೆ. ಲಕ್ಷಗಟ್ಟಲೆ ಜನ ಇರೋ ನಮ್ಮ ದಾವಣಗೆರೆಯವರು ವಿಮಾನ ಹತ್ತೋಕೆ ಶಿವಮೊಗ್ಗಕ್ಕೋ ಹುಬ್ಬಳ್ಳಿಗೋ ಹೋಗಬೇಕು, ನಿಜ. ಆದ್ರೂ ನನಗೆ ಹೊಟ್ಟೆಕಿಚ್ಚಾಗಲಿಲ್ಲ, ಖುಷಿಯಾಯ್ತು. ಅಷ್ಟೇ ಅಷ್ಟು ಜನ ಅಂತ ಅವರನ್ನ ಬಿಟ್ಟುಬಿಡಲಿಲ್ಲವಲ್ಲ.

ನಡುವೆ ನೀರಿದ್ರೆ ಕಿಲೋಮೀಟರ್ ಲೆಕ್ಕ ಏನೂ ಹೇಳಲ್ಲ. ತುಂಗಭದ್ರೆ ದಂಡೆಯ ಹಳ್ಳಿಯವರನ್ನ ಕೇಳಿ. ಆಚೆ ದಡದ ಮನೆ ಕಣ್ಣಿಗೆ ಕಾಣ್ತಿರುತ್ತೆ, ಹೋಗ್ಬೇಕಂದ್ರೆ ಸೇತುವೆ ಇರೋ ಊರಿನ ತನಕ ಸುತ್ತಬೇಕು.