ಮಗುವಿನ ಮೊದಲ ಕೋವಿ: ತೋಟಾದಿಂದ ಶುರುಮಾಡಿ

"ಮಗನಿಗೆ ಹತ್ತು ತುಂಬಿತು. ನಿಮ್ಮೊಡನೆ ನಾನೂ ಬೇಟೆಗೆ ಬರುತ್ತೇನೆ ಎಂದು ಹಟ ಹಿಡಿದಿದ್ದಾನೆ. ಮೊದಲ ಕೋವಿ ಯಾವುದು ಕೊಡಿಸಲಿ?"

ಮಕ್ಕಳಿಗೆ ಗುರಿ ಹೊಡೆಯುವುದನ್ನು ಕಲಿಸುತ್ತೇನೆ ಎಂದು ಗೊತ್ತಾದವರೆಲ್ಲ ನನ್ನನ್ನು ಇದೊಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಕೇಳುವಾಗಲೇ ಅವರ ಮನಸ್ಸಿನಲ್ಲಿ ಉತ್ತರವೂ ಇರುತ್ತದೆ: ಇದ್ದುದರಲ್ಲಿ ಹಗುರವಾದದ್ದು, ಒಂಟಿನಳಿಗೆಯದು, ಪುಟ್ಟ ಕೈಗೆ ತಕ್ಕ ಪುಟ್ಟ ಕೋವಿ. ನಾನು ಹೌದೆಂದು ತಲೆಯಾಡಿಸಿದರೆ ಸಾಕು, ನೇರ ಅಂಗಡಿಗೆ ಹೊರಡುತ್ತಾರೆ.

ನಾನು ತಲೆಯಾಡಿಸುವುದಿಲ್ಲ. ಕಾರಣ, ದೊಡ್ಡ ಮಗಳ ವಿಷಯದಲ್ಲಿ ನಾನೇ ಅದನ್ನು ಮಾಡಿ ಕೆಟ್ಟವನು. ಎರಡು ಕಿಲೋ ಚಿಲ್ಲರೆ ತೂಗುವ 20 ಬೋರಿನ (ಬೋರು ಎಂದರೆ ನಳಿಗೆಯ ಅಗಲದ ಅಳತೆ, ಲೆಕ್ಕ ಮುಂದೆ ಹೇಳುತ್ತೇನೆ) ಒಂಟಿನಳಿಗೆ ತಂದುಕೊಟ್ಟೆ. ತೋಟಾದ ಬಗ್ಗೆ ಯೋಚಿಸಲೇ ಇಲ್ಲ. ದೊಡ್ಡವರು ಹಕ್ಕಿಬೇಟೆಗೆ ಒಯ್ಯುವ ಪೂರ್ತಿ ಭಾರದ 20 ಬೋರಿನ ತೋಟಾಗಳನ್ನೇ ತುಂಬಿಸಿದೆ. ಮೊದಲ ದಿನ ಐದು ಈಡು ಹೊಡೆದಳು, ಎರಡನೆಯ ದಿನ ಎರಡು. ಮೂರನೆಯ ದಿನ ಅವಳಿಗೆ ತಿಳಿಯದಂತೆ ಮದ್ದಿಲ್ಲದ, ಕಲಿಕೆಯ ತೋಟಾವೊಂದನ್ನು ತುಂಬಿ ಕೊಟ್ಟೆ. ಅವಳ ಬೆರಳು ಟ್ರಿಗರನ್ನು ಒತ್ತುವ ಮೊದಲೇ ಕಣ್ಣುಗಳು ಬಿಗಿಯಾಗಿ ಮುಚ್ಚಿಕೊಂಡವು, ಭುಜ ಮುಂದಕ್ಕೆ ನುಗ್ಗಿತು, ನಳಿಗೆಯ ತುದಿ ಗೇಣುದ್ದ ಕೆಳಕ್ಕೆ ಇಳಿಯಿತು. ಟಿಕ್ ಎಂಬ ಸದ್ದಷ್ಟೇ. ಕಣ್ಣು ತೆರೆಯದೆಯೇ ಕೇಳಿದಳು: "ಆಯಿತೇ ಅಪ್ಪಾ?"

ಅವಳು ಮತ್ತೆ ಕೋವಿ ಹಿಡಿಯಲು ಎರಡು ವರ್ಷ ಬೇಕಾಯಿತು.

ಆಗ ಕುಳಿತು ಲೆಕ್ಕ ಹಾಕಿದೆ. ಒಂದೇ ತೋಟಾವನ್ನು ಮೂರು ಕಿಲೋ ತೂಕದ ಕೋವಿಯಲ್ಲಿಯೂ ಎರಡು ಕಿಲೋ ತೂಕದ ಕೋವಿಯಲ್ಲಿಯೂ ಹಾರಿಸಿದರೆ, ಹಗುರವಾದದ್ದು ಭುಜಕ್ಕೆ ಕೊಡುವ ಒದೆತದ ಶಕ್ತಿ ಒಂದೂವರೆ ಪಟ್ಟು. ಅಂದರೆ ಮಗುವಿಗೆ ಒಳ್ಳೆಯದೆಂದು ಕೋವಿಯ ತೂಕ ಇಳಿಸುತ್ತ ಹೋದಷ್ಟೂ ನಾವು ಅದರ ಭುಜಕ್ಕೆ ಇನ್ನಷ್ಟು ಜೋರಾಗಿ ಗುದ್ದುತ್ತಿರುತ್ತೇವೆ. ನನ್ನ ಮೂರು ಕಿಲೋ ದಾಟಿದ 12 ಬೋರು ನನ್ನನ್ನು ಒದೆಯುತ್ತಿದ್ದುದಕ್ಕಿಂತ ಆ ಪುಟ್ಟ ಕೋವಿ ಅವಳನ್ನು ಹೆಚ್ಚು ಒದೆಯುತ್ತಿತ್ತು. ಹಾಗೆಂದು ಭಾರದ ಕೋವಿ ಕೊಟ್ಟರೆ ಮಗು ಎತ್ತಲಾರದು. ಈ ಇಕ್ಕಟ್ಟಿನಿಂದ ಹೊರಬರುವ ದಾರಿ ಕೋವಿಯಲ್ಲಿಲ್ಲ, ತೋಟಾದಲ್ಲಿದೆ. ಆದ್ದರಿಂದ ನನ್ನ ಉತ್ತರ ಯಾವಾಗಲೂ ತಿರುವುಮುರುವು: ಮೊದಲು ತೋಟಾ ಆರಿಸಿ, ಆಮೇಲೆ ಅದನ್ನು ಹಾರಿಸುವ ಕೋವಿ.

20 ಬೋರಿನ ಸಾಮಾನ್ಯ ತೋಟಾದಲ್ಲಿ ಸುಮಾರು 25 ಗ್ರಾಂ ಚರೆ, ಅಂದರೆ ಸಣ್ಣ ಗುಂಡಿನ ಕಾಳುಗಳು, ಇರುತ್ತದೆ. ಕಲಿಯುವವರಿಗಾಗಿ 21 ಗ್ರಾಂನದೂ ಸಿಗುತ್ತದೆ. ನಿಧಾನ ವೇಗದ ಈ 21 ಗ್ರಾಂನ ಪೆಟ್ಟಿಗೆಗಳು ನಿಮಗೆ ಎಲ್ಲಿ ದೊರೆಯುತ್ತವೆ ಎಂಬುದನ್ನು ಮೊದಲು ಹುಡುಕಿಕೊಳ್ಳಿ. 28 ಬೋರಿನ ರೂಢಿಯ ತೋಟಾದಲ್ಲಿಯೂ ಅಷ್ಟೇ ಚರೆ ಇರುತ್ತದೆ, ಒದೆತವೂ ಹಿತವಾಗಿರುತ್ತದೆ. ನನಗಂತೂ ಬಲು ಇಷ್ಟ. ಆದರೆ ಅದರ ತೋಟಾ ತುಟ್ಟಿ, ಎಲ್ಲ ಕಡೆ ಸಿಗುವುದೂ ಇಲ್ಲ. ಕಲಿಯುವ ಮಗುವಿಗೆ ನೂರಾರು ತೋಟಾ ಬೇಕು.

ಇನ್ನು .410. (ಬೋರಿನ ಲೆಕ್ಕ ಗೊತ್ತಿಲ್ಲದವರಿಗೆ: ಒಂದು ಪೌಂಡ್ ಸೀಸದಿಂದ ಸಮನಾದ 12 ಗುಂಡು ಮಾಡಿದರೆ, ಅಂಥ ಒಂದು ಗುಂಡು ಹಿಡಿಸುವ ನಳಿಗೆ 12 ಬೋರು. 20 ಮಾಡಿದರೆ 20 ಬೋರು. ಹಾಗಾಗಿ ಅಂಕಿ ಹೆಚ್ಚಿದಷ್ಟೂ ನಳಿಗೆ ಕಿರಿದು. .410 ಮಾತ್ರ ಈ ಲೆಕ್ಕಕ್ಕೆ ಸೇರದು, ಅದು ನಳಿಗೆಯ ಅಗಲವನ್ನು ಇಂಚಿನಲ್ಲಿ ಹೇಳುತ್ತದೆ.) ಇದರ ಚಿಕ್ಕ ತೋಟಾದಲ್ಲಿ ಇರುವುದು 14 ಗ್ರಾಂ ಚರೆ. ಏಳೂವರೆ ನಂಬರಿನ ಗಾತ್ರದ ಚರೆಯಾದರೆ ಸುಮಾರು 175 ಕಾಳು. 25 ಗ್ರಾಂನ ತೋಟಾದಲ್ಲಾದರೆ ಮುನ್ನೂರು. ಒದೆತ ಕಡಿಮೆ, ನಿಜ. ಆದರೆ ಚರೆಯ ಹರವು ತೆಳುವಾಗಿ, ನಡುವೆ ಹಕ್ಕಿ ನುಸುಳಿಹೋಗುವಷ್ಟು ಸಂದುಗಳಾಗುತ್ತವೆ. ಸರಿಯಾಗಿ ಗುರಿ ಇಟ್ಟರೂ ತಪ್ಪುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಒಂದೆರಡು ಕಾಳು ತಗುಲಿದ ಹಕ್ಕಿ ಪೊದೆಯೊಳಗೆ ಬಿದ್ದು ಒದ್ದಾಡುತ್ತದೆ. ಮೊದಲ ಬೇಟೆಯಲ್ಲೇ ಅದನ್ನು ಕಂಡ ಮಗು ಇನ್ನೊಂದು ಬೇಟೆಗೆ ಬರುವುದಿಲ್ಲ, ಬರಬೇಕೆಂದು ನಾನು ಒತ್ತಾಯಿಸುವುದೂ ಇಲ್ಲ. .410 ಪಳಗಿದ ಕೈಗಳ ಆಟ. ನಿಂತ ಡಬ್ಬಿಗೆ ಹೊಡೆಯಲು, ಸದ್ದಿಗೆ ಹೊಂದಿಕೊಳ್ಳಲು ಬಳಸಿ. ಹಾರುವ ಹಕ್ಕಿಗೆ ಬೇಡ.

ಸದ್ದಿನ ಮಾತು ಬಂದದ್ದರಿಂದ ಹೇಳುತ್ತೇನೆ, ಮಕ್ಕಳು ಒದೆತಕ್ಕೆ ಹೆದರಿದರು ಎಂದು ನಾವು ತಿಳಿಯುವಲ್ಲಿ ಅರ್ಧಪಾಲು ಹೆದರಿಕೆ ಸದ್ದಿನದು. ಕೋವಿಯ ಸದ್ದು 150 ಡೆಸಿಬೆಲ್ ದಾಟುತ್ತದೆ. 140ರ ಮೇಲಿನ ಒಂದೇ ಸದ್ದು ಕಿವಿಯನ್ನು ಶಾಶ್ವತವಾಗಿ ಕೆಡಿಸಬಲ್ಲದು. ಕಿವಿಯೊಳಗೆ ಬಿರಡೆ, ಅದರ ಮೇಲೆ ಮುಚ್ಚುವ ಮಫ್ ಎರಡನ್ನೂ ಹಾಕಿ. ಕಣ್ಣಿಗೆ ಕನ್ನಡಕ. ಇದಕ್ಕೆಲ್ಲ ಹಣ ಸಾಲದಾದರೆ ಕೋವಿಯ ಖರೀದಿಯನ್ನೇ ಮುಂದಕ್ಕೆ ಹಾಕಿ.

ಈಗ ಕೋವಿ. ಕುದುರೆ, ಅಂದರೆ ತೋಟಾ ಸಿಡಿಯುವಂತೆ ಬಡಿಯುವ ಪುಟ್ಟ ಸುತ್ತಿಗೆ, ಹೊರಗೆ ಕಾಣುವ ಹಳೆಯ ಮಾದರಿಯ ಒಂಟಿನಳಿಗೆ ಮಗುವಿಗೆ ಸರಳ ಎನ್ನುತ್ತಾರೆ. ಆದರೆ ಆ ಕುದುರೆಯನ್ನು ಹಿಂದಕ್ಕೆಳೆಯುವುದು ಮಗುವಿನ ಹೆಬ್ಬೆರಳು. ಈಡು ಹೊಡೆಯದೆ ಅದನ್ನು ಮೆಲ್ಲಗೆ ಇಳಿಸಬೇಕಾಗಿ ಬಂದರೆ, ಚಳಿಗೆ ಮರಗಟ್ಟಿದ ಅದೇ ಹೆಬ್ಬೆರಳು ಜಾರಬಹುದು. ನನಗೆ ಧೈರ್ಯ ಸಾಲದು. ನಳಿಗೆಯ ಕೆಳಗಿನ ಹಿಡಿಯನ್ನು ಹಿಂದೆಮುಂದೆ ಎಳೆದು ತೋಟಾ ಬದಲಿಸುವ ಪಂಪ್ ಕೋವಿಗೆ ತೋಳು ಉದ್ದ ಬೇಕು. ಮಗು ಸಾಕಷ್ಟು ಗಟ್ಟಿಮುಟ್ಟಾಗಿದ್ದರೆ ನನ್ನ ಆಯ್ಕೆ ನಡುವೆ ಮಡಚಿ ತೆರೆಯುವ 20 ಬೋರಿನ ಜೋಡುನಳಿಗೆ. ತೆರೆದು ತೋಳಿನ ಮೇಲೆ ಇಳಿಬಿಟ್ಟರೆ ಒಳಗೆ ಏನೂ ಇಲ್ಲವೆಂದು ಮಗುವಿಗೂ ಕಾಣುತ್ತದೆ, ಮೂವತ್ತು ಹೆಜ್ಜೆ ದೂರದಲ್ಲಿರುವ ನನಗೂ ಕಾಣುತ್ತದೆ. ಸಣಕಲು ಮಗುವಾದರೆ ಮದ್ದಿನ ಅನಿಲದ ಬಲದಿಂದ ಕೆಲಸ ಮಾಡುವ ಅರೆಸ್ವಯಂಚಾಲಿತ ಕೋವಿ. ಅದರಲ್ಲಿ ಒದೆತ ಒಮ್ಮೆಲೇ ಬಡಿಯದೆ ಕೊಂಚ ಹೊತ್ತಿಗೆ ಹರಡಿ ಬರುತ್ತದೆ. ಹಗುರ ತೋಟಾದಲ್ಲಿ ಅದು ಖಾಲಿ ಕವಚವನ್ನು ಹೊರಗೆಸೆಯದೆ ಸಿಕ್ಕಿಕೊಳ್ಳುವುದುಂಟು, ಕೊಳ್ಳುವ ಮೊದಲು ಹಾರಿಸಿ ನೋಡಿ. ಮತ್ತು ಒಂದು ವರ್ಷದವರೆಗೆ ಒಂದೇ ಒಂದು ತೋಟಾ ತುಂಬಿಸಿ. ಎರಡನೆಯದು ಇದೆಯೆಂದು ಗೊತ್ತಿದ್ದವರು ಮೊದಲನೆಯದನ್ನು ಅವಸರದಲ್ಲಿ ಹಾರಿಸುತ್ತಾರೆ, ದೊಡ್ಡವರೂ ಸಹ.

ಮೈಗೆ ಒಪ್ಪುವುದು ಬೋರಿಗಿಂತ ದೊಡ್ಡ ವಿಷಯ. ದೊಡ್ಡವರ ಕೋವಿಯಲ್ಲಿ ಟ್ರಿಗರಿನಿಂದ ಹಿಂಬದಿಯ ತುದಿಗೆ ಸುಮಾರು 14 ಇಂಚು ಇರುತ್ತದೆ. ಹತ್ತು ವರ್ಷದ ಮಗುವಿಗೆ 12ರ ಆಸುಪಾಸು ಸಾಕು. "ಬೆಳೆಯುವ ಮಗು, ದೊಡ್ಡದೇ ಇರಲಿ" ಎಂದು ಶಾಲೆಯ ಅಂಗಿಯನ್ನು ಹೊಲಿಸುವ ಹಾಗೆ ಇಲ್ಲಿ ಮಾಡಬಾರದು. ಉದ್ದವಾದ ಹಿಡಿ ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ, ಭುಜದ ಗುಳಿಯಲ್ಲಿ ಕೂರದೆ ತೋಳಿಗೆ ಜಾರುತ್ತದೆ, ಅಲ್ಲಿ ನೀಲಿ ಕಲೆ ಬೀಳುತ್ತದೆ. ಖಾಲಿ ಕೋವಿಯನ್ನು ಹೆಗಲಿಗೇರಿಸಿ ಒಂದು ನಿಮಿಷ ನಿಲ್ಲಲು ಹೇಳಿ, ಪಕ್ಕದಿಂದ ಬೆನ್ನನ್ನು ನೋಡಿ. ಮಗು ಬಿಲ್ಲಿನಂತೆ ಹಿಂದಕ್ಕೆ ಬಾಗಿದರೆ ಕೋವಿ ಉದ್ದವಾಯಿತು ಅಥವಾ ಭಾರವಾಯಿತು, ಅಂಗಡಿಯವನು ಏನೇ ಹೇಳಲಿ. ಅದೇ ಹೊತ್ತಿಗೆ ಕಣ್ಣನ್ನೂ ಪರೀಕ್ಷಿಸಿ. ಎರಡೂ ಅಂಗೈ ಸೇರಿಸಿ ನಡುವೆ ಕಿರುಕಿಂಡಿ ಬಿಟ್ಟು, ಎರಡೂ ಕಣ್ಣು ತೆರೆದು, ದೂರದ ವಸ್ತುವೊಂದನ್ನು ಅದರಲ್ಲಿ ನೋಡಲಿ. ಆಮೇಲೆ ಒಂದೊಂದೇ ಕಣ್ಣು ಮುಚ್ಚಲಿ. ಯಾವ ಕಣ್ಣು ತೆರೆದಿರುವಾಗ ವಸ್ತು ಕಿಂಡಿಯಲ್ಲೇ ಉಳಿಯುತ್ತದೆಯೋ ಅದು ಯಜಮಾನ ಕಣ್ಣು. ಬಲಗೈ ಮಗುವಿಗೆ ಎಡಗಣ್ಣು ಯಜಮಾನನಾಗಿದ್ದರೆ ಎಡ ಭುಜದಿಂದಲೇ ಕಲಿಸಿ. ಇನ್ನೂ ಯಾವ ಅಭ್ಯಾಸವೂ ಬೇರೂರದಿರುವುದರಿಂದ ವಾರದಲ್ಲಿ ಹೊಂದಿಕೊಳ್ಳುತ್ತದೆ.

20 ಬೋರು ಮನೆಗೆ ಬಂದ ದಿನ ನಿಮ್ಮ 12 ಬೋರಿನ ತೋಟಾ ಇಡುವ ಜೇಬುಗಳನ್ನೆಲ್ಲ ಕೊಡವಿ. 20ರ ತೋಟಾ 12ರ ನಳಿಗೆಗೆ ಬಿದ್ದರೆ ಅಲ್ಲಿ ನಿಲ್ಲುವುದಿಲ್ಲ, ಒಳಕ್ಕೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ನಳಿಗೆ ಖಾಲಿಯಿದೆ ಎಂದುಕೊಂಡು ಹಿಂದೆ 12ರ ತೋಟಾ ತುಂಬಿ ಹಾರಿಸಿದರೆ ನಳಿಗೆ ಮುಂಗೈಯ ಬಳಿ ಸಿಡಿಯುತ್ತದೆ. ಇದಕ್ಕಾಗಿಯೇ ತಯಾರಕರು 20ರ ತೋಟಾಕ್ಕೆ ಹಳದಿ ಬಣ್ಣ ಮೀಸಲಿಟ್ಟಿರುವುದು. ಒಂದು ಮುಂಜಾನೆ ನನ್ನ ಅಂಗಿಯ ಜೇಬಿನಿಂದ ನಾಲ್ಕು ಕೆಂಪು ತೋಟಾಗಳ ಜೊತೆ ಒಂದು ಹಳದಿ ಹೊರಬಂತು. ಅಂದಿನಿಂದ ಮಗಳ ತೋಟಾಗಳು ಅವಳ ಸೊಂಟದ ಚೀಲದಲ್ಲೇ ಇರುತ್ತವೆ, ನನ್ನ ಜೇಬಿಗೆ ಬರುವುದಿಲ್ಲ.

ವಯಸ್ಸಿನ ಬಗ್ಗೆ ನಾನು ಅಂಕಿ ಹೇಳುವುದಿಲ್ಲ. ಕೆಲವು ದೇಶಗಳಲ್ಲಿ ಬೇಟೆಯೇ ನಿಷಿದ್ಧ, ಉಳಿದ ಕಡೆ ಪರವಾನಗಿಗೂ ವಯಸ್ಸಿಗೂ ತಮ್ಮದೇ ಕಟ್ಟಳೆಗಳಿವೆ. ಅದು ಮೊದಲ ಬಾಗಿಲು. ಅದನ್ನು ದಾಟಿದ ಮೇಲೆ ನನ್ನ ಪರೀಕ್ಷೆ ಒಂದೇ: ಮರದ ಆಟಿಕೆ ಕೋವಿ ಕೊಟ್ಟು ಒಂದು ಇಡೀ ದಿನ ನನ್ನ ಜೊತೆ ತಿರುಗಾಡಿಸುತ್ತೇನೆ. ಬೇಲಿ ದಾಟುವಾಗ, ಊಟಕ್ಕೆ ಕುಳಿತಾಗ, ದಣಿದಾಗ ಅದರ ಮೂತಿ ಎಷ್ಟು ಬಾರಿ ನನ್ನತ್ತ ತಿರುಗಿತು ಎಂದು ಮನಸ್ಸಿನಲ್ಲೇ ಎಣಿಸುತ್ತೇನೆ. ಒಮ್ಮೆ ತಿರುಗಿದರೂ ಇನ್ನು ಆರು ತಿಂಗಳು ಮರದ ಕೋವಿಯೇ. ಅಪ್ಪಂದಿರಿಗೆ ಇದು ಹಿಡಿಸುವುದಿಲ್ಲ. ಕೋವಿ ಬಂದ ಮೇಲೂ ಅದಕ್ಕೆ ಬೀಗ, ಕೀಲಿಕೈ ಹಿರಿಯರ ಬಳಿ, ತೋಟಾ ಬೇರೆ ಪೆಟ್ಟಿಗೆಯಲ್ಲಿ.

ಉದ್ದ ತಗ್ಗಿಸಲು ಮರದ ಹಿಡಿಯನ್ನು ಕೊಯ್ಯಿಸಿದರೆ ಆ ತುಂಡನ್ನು ಎಸೆಯಬೇಡಿ. ಮಗು ಬೆಳೆದಂತೆ ಹದವಾಗಿ ಕತ್ತರಿಸಿ ಮತ್ತೆ ಜೋಡಿಸಬಹುದು, ಅದೇ ಮರವಾದ್ದರಿಂದ ಗೆರೆಗಳೂ ಕೂಡಿಕೊಳ್ಳುತ್ತವೆ. ಚಿಕ್ಕ ಮಗಳ ಕೋವಿಗೆ ಹೋದ ವರ್ಷ ಒಂದು ಬೆರಳಿನಷ್ಟು ಮರ ಮರಳಿತು, ಇನ್ನರ್ಧ ಕಪಾಟಿನಲ್ಲಿದೆ.